ಹೆರಿಗೆ ರಜೆ ಮುಗಿಸಿ ಬಂದಾಗ ರೇಟಿಂಗ್ ಇಳಿಸಿದ್ದರೆ

ಹೆರಿಗೆ ರಜೆ ಮುಗಿಸಿ ಬಂದರೆ ಆಫೀಸಿನಲ್ಲಿ ವರ್ಷದ ಕೆಲಸಕ್ಕೆ ಕೊಡುವ ರೇಟಿಂಗ್ ಇಳಿಸಿದ್ದಾರೆ, ಬಡ್ತಿ ಮುಂದಿನ ವರ್ಷ ನೋಡೋಣ ಅಂದರು, ಸುಮ್ನಿರಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಸುಮ್ನಿರಬೇಡಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಮೇಲೆ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ. ಅದು ಹಕ್ಕು, ಯಾರ ಉಪಕಾರವೂ ಅಲ್ಲ. ಆ ರಜೆಯಲ್ಲಿರುವಾಗ ಕೆಲಸದ ಷರತ್ತುಗಳನ್ನು ನಿಮಗೆ ನಷ್ಟವಾಗುವ ಹಾಗೆ ಬದಲಿಸುವಂತಿಲ್ಲ ಅಂತಲೂ ಕಾನೂನಿನಲ್ಲಿದೆ.

ನನಗೂ ಹೀಗೇ ಆಗಿತ್ತು. ರೇಟಿಂಗ್ ಹೇಳುವ ಹೊತ್ತಿಗೆ ಎದೆಹಾಲು ಸೋರಿ ಕುರ್ತಾ ಒದ್ದೆಯಾಗಿತ್ತು. ದುಪಟ್ಟಾ ಎಳೆದುಕೊಂಡು ‘ಸರಿ ಸರ್’ ಅಂದು ಎದ್ದುಬಂದೆ. ಆ ‘ಸರಿ’ ಇವತ್ತಿಗೂ ಚುಚ್ಚುತ್ತದೆ.

ನೀವು ಹಾಗೆ ಮಾಡಬೇಡಿ. ಕೆಲಸ ಮಾಡಿದ ತಿಂಗಳುಗಳನ್ನಷ್ಟೇ ಲೆಕ್ಕಕ್ಕೆ ಹಿಡಿದು ರೇಟಿಂಗ್ ಕೊಡಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿ. ಬಾಯಿಮಾತು ಬೇಡ. ಮಾಡಿದ ಕೆಲಸದ ಪಟ್ಟಿಯನ್ನೂ ಜೊತೆಗಿಡಿ.