ಬೆಳಗ್ಗೆ ಆರಕ್ಕೆ ಬರುವ ಫೋನ್

ಸುಮಿತ್ರಾ (ಹೆಸರು, ಕೆಲವು ವಿವರ ಬದಲಿಸಿದ್ದೇನೆ) ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಮೊದಲ ಸಲ ಬಂದಾಗ ಹೇಳಿದ್ದು ನಿದ್ದೆಯ ವಿಷಯ. "ನಾಲ್ಕೂವರೆಗೇ ಎಚ್ಚರ ಆಗುತ್ತೆ ಮೇಡಂ. ಆಮೇಲೆ ಫೋನ್ ನೋಡ್ತಾ ಕೂರ್ತೀನಿ."

ವಯಸ್ಸು 36. ಧಾರವಾಡದಲ್ಲಿ ಬಿ.ಎಡ್. ಮಾಡಿ, ಮದುವೆಯಾಗಿ ಮುಂಬೈ ಹತ್ತಿರದ ಡೊಂಬಿವಲಿಗೆ ಬಂದವರು. ಗಣಿತ ಅವರ ವಿಷಯ. ಎರಡು ವರ್ಷದಿಂದ ಮುಂಬೈನ ಘಾಟ್ಕೋಪರ್, ಮುಲುಂಡ್ ಕಡೆಯ ಮೂರು ಶಾಲೆಗಳಲ್ಲಿ ಬದಲಿ ಶಿಕ್ಷಕಿ. ಯಾರಾದರೂ ಟೀಚರ್ ರಜೆ ಹಾಕಿದರೆ ಬೆಳಗ್ಗೆ ಆರರ ಹೊತ್ತಿಗೆ ಫೋನ್ ಬರುತ್ತದೆ. ಡಬ್ಬಿ ಕಟ್ಟಿಕೊಂಡು ಲೋಕಲ್ ಹಿಡಿಯಬೇಕು. ಫೋನ್ ಬರದಿದ್ದರೆ ಆ ದಿನದ ದುಡ್ಡಿಲ್ಲ. ದೀಪಾವಳಿ ರಜೆಗೂ ಇಲ್ಲ, ಮೇ ತಿಂಗಳಿಗೂ ಇಲ್ಲ. ಲೆಕ್ಕವೆಲ್ಲ ಪೀರಿಯಡ್‌ಗೆ ಇಷ್ಟು ಅಂತ. ಮಳೆಗಾಲದಲ್ಲಿ ಕುರ್ಲಾ, ಸಯನ್ ಹತ್ತಿರ ಹಳಿ ಮೇಲೆ ನೀರು ನಿಂತರೆ ಕಾಯಂ ಟೀಚರ್‌ಗೆ ತಡ ಆಗುತ್ತದೆ ಅಷ್ಟೇ. ಇವರಿಗೆ ಪೀರಿಯಡ್ಡೇ ಹೋಗುತ್ತದೆ.

ನಾನು ಮೊದಲ ಎರಡು ಭೇಟಿಯಲ್ಲಿ ಮನೆಯ ಬಗ್ಗೆಯೇ ಕೇಳಿದೆ. ಗಂಡ ಒಳ್ಳೆಯವರು, ಅತ್ತೆ ಮಗಳನ್ನು ನೋಡಿಕೊಳ್ಳುತ್ತಾರೆ. ಗಂಟು ಅಲ್ಲಿರಲಿಲ್ಲ. ಮೂರನೇ ಸಲ ಒಂದು ಮಾತು ಬಂತು. ಎಂಟನೇ ಕ್ಲಾಸಿನ ಹುಡುಗನೊಬ್ಬ ಹಿಂದಿಯಲ್ಲಿ ಕೇಳಿದನಂತೆ, "ಟೀಚರ್, ನೀವು ಇವತ್ತಿಗೆ ಮಾತ್ರಾನಾ?" ಇವರಿಗೆ ಉತ್ತರ ಹೊರಡಲಿಲ್ಲ. ಪೀರಿಯಡ್ ಮುಗಿಸಿ ಬಾತ್‌ರೂಮಿನಲ್ಲಿ ಅತ್ತರು.

ಆಮೇಲೆ ಒಂದೊಂದೇ ಹೊರಬಂತು. ಸ್ಟಾಫ್ ರೂಮಿನಲ್ಲಿ ಅವರದು ಅಂತ ಕುರ್ಚಿ ಇಲ್ಲ. ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, "ಪ್ರಾಕ್ಸಿ ಮಿಸ್" ಅಷ್ಟೇ. ಗಣಿತದವರನ್ನು ಮರಾಠಿ ಪೀರಿಯಡ್‌ಗೆ ಕಳಿಸಿ, ಮಕ್ಕಳು ಗಲಾಟೆ ಮಾಡದಂತೆ ನೋಡಿಕೊಳ್ಳಿ ಅನ್ನುತ್ತಾರೆ. ಗದ್ದಲ ಆದರೆ ಪ್ರಿನ್ಸಿಪಾಲರು ಬಾಗಿಲಲ್ಲಿ ನಿಲ್ಲುತ್ತಾರೆ. ಆಗ ಇವರ ತಲೆಯಲ್ಲಿ ಒಂದೇ ಯೋಚನೆ, ನಾಳೆ ಫೋನ್ ಬರಲ್ಲ. ಹಾಗಾಗಿ ಜ್ವರ ಇದ್ದರೂ ಯಾವತ್ತೂ ಇಲ್ಲ ಅಂದವರಲ್ಲ.

ಕಳೆದ ಜೂನ್‌ನಲ್ಲಿ ಒಂದು ಶಾಲೆಯಲ್ಲಿ ಲೀವ್ ವೇಕೆನ್ಸಿ, ಅಂದರೆ ಹೆರಿಗೆ ರಜೆ ಹಾಕಿದ ಟೀಚರ್ ಒಬ್ಬರ ಜಾಗ, ಸಿಕ್ಕಿತ್ತು. 2017ರಲ್ಲಿ ಕಾಯ್ದೆಗೆ ತಿದ್ದುಪಡಿ ಆದ ಮೇಲೆ ಹೆರಿಗೆ ರಜೆ 26 ವಾರ ಆಗಿದೆ. ಆ ಆರು ತಿಂಗಳು ಐದನೇ ಕ್ಲಾಸು ಇವರದೇ ಆಗಿತ್ತು. ಪ್ರಿನ್ಸಿಪಾಲರು "ಮುಂದೆ ನೋಡೋಣ" ಅನ್ನುತ್ತಲೇ ಇದ್ದರು. ಡಿಸೆಂಬರ್‌ನಲ್ಲಿ ಆ ಟೀಚರ್ ವಾಪಸ್ ಬಂದರು. ಒಂದು ಶನಿವಾರ ಮಾರ್ಕ್ಸ್ ರಿಜಿಸ್ಟರ್ ಕೊಟ್ಟು ಇವರು ಹೊರಬಂದರು. ಮಕ್ಕಳಿಗೆ ಹೋಗಿಬರ್ತೀನಿ ಅಂತ ಹೇಳಲೂ ಆಗಲಿಲ್ಲ. "ಅದು ನನ್ನ ಕ್ಲಾಸೇ ಅಲ್ಲವಲ್ಲ ಮೇಡಂ. ಅಳೋಕೆ ನನಗೇನು ಹಕ್ಕು?" ಎಂದು ಕೇಳಿದರು.

ಹಕ್ಕಿದೆ ಎಂದೆ. 40 ಮಕ್ಕಳ ಅಕ್ಷರ ನೋಡಿಯೇ ಯಾರ ನೋಟ್‌ಬುಕ್ ಅಂತ ಗುರುತಿಸುತ್ತಿದ್ದವರು ನೀವು. ಆ ಮಕ್ಕಳು ಒಂದೇ ದಿನದಲ್ಲಿ ದೂರ ಆದರೆ ದುಃಖ ಆಗದೆ ಇರುತ್ತಾ? ಆ ಇಡೀ ಗಂಟೆ ಅವರು ಐದನೇ ಕ್ಲಾಸಿನ ಮಕ್ಕಳ ಕಥೆ ಹೇಳಿದರು. ನಾನು ಸುಮ್ನೆ ಕೇಳಿದೆ. ಬೇರೆ ಸಲಹೆಗಿಂತ ಅದೇ ಜಾಸ್ತಿ ಕೆಲಸ ಮಾಡಿತು ಅನ್ನಿಸುತ್ತದೆ.

ಎಂಟನೇ ಕ್ಲಾಸಿನ ಹುಡುಗನ ವಿಷಯಕ್ಕೆ ಮತ್ತೆ ಬಂದೆವು. ಅವನ ಕೈಯಲ್ಲಿ ಏನಿತ್ತು ಎಂದು ಕೇಳಿದೆ. ಸ್ವಲ್ಪ ಯೋಚಿಸಿ, "ನೋಟ್‌ಬುಕ್" ಅಂದರು. ಇವರು ನಾಳೆಯೂ ಬರುತ್ತಾರಾ, ತೋರಿಸಿದರೆ ಪ್ರಯೋಜನ ಇದೆಯಾ ಎಂದಷ್ಟೇ ಅವನಿಗೆ ತಿಳಿಯಬೇಕಿತ್ತು. ಅದನ್ನು ಇವರು ತನ್ನ ಬೆಲೆಯ ಪ್ರಶ್ನೆ ಮಾಡಿಕೊಂಡಿದ್ದರು. ಇನ್ನು ಮುಂದೆ ಮಕ್ಕಳಿಗೆ ನಿಜವನ್ನೇ ಹೇಳಿ ಎಂದೆ. "ಇವತ್ತು ಬಂದಿದ್ದೀನಿ, ನಾಳೆಯದು ಗೊತ್ತಿಲ್ಲ. ಕೊಡು, ಈಗಲೇ ನೋಡ್ತೀನಿ." ಕ್ಲಾಸಿಗೆ ಹೋದ ತಕ್ಷಣ ಬೋರ್ಡಿನ ಮೇಲೆ ಸ್ವಂತ ಹೆಸರು ಬರೆಯಿರಿ. ಯಾವ ಪೀರಿಯಡ್‌ಗೆ ಹಾಕಿದರೂ ನಿಮ್ಮದೊಂದು ಪಾಠ ಚೀಲದಲ್ಲಿರಲಿ. ಅಡ್ಡ, ಉದ್ದ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರುವ ಒಂಬತ್ತು ಮನೆಯ ಮಾಯಾಚೌಕ ಐದನೇ ಕ್ಲಾಸಿಗೂ ಆಗುತ್ತದೆ, ಎಂಟಕ್ಕೂ ಆಗುತ್ತದೆ.

ನಿದ್ದೆಗೆ ಒಂದು ಗಟ್ಟಿ ನಿಯಮ ಬೇಕಿತ್ತು. ವಾರಕ್ಕೆ ಯಾವ ನಾಲ್ಕು ದಿನ ಬರಬಲ್ಲೆ ಎಂದು ಶಾಲೆಗಳಿಗೆ ಮೊದಲೇ ಮೆಸೇಜ್ ಮಾಡುವುದು. ಉಳಿದ ದಿನ ಫೋನ್ ಹಾಲ್‌ನಲ್ಲಿ ಇರಲಿ. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಡಾಕ್ಟರನ್ನು ನೋಡಲೇಬೇಕು ಎಂದೆ. ಸಾಯುವ ಯೋಚನೆ ಬರುತ್ತಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಎಂದರು. ಆದರೂ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಬರೆದುಕೊಟ್ಟೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ಅವರನ್ನು ಜಾಸ್ತಿ ಒಡೆದಿದ್ದು ಕಡಿಮೆ ಸಂಬಳ ಅಲ್ಲ, ಆ "ನೋಡೋಣ" ಎಂಬ ಮಾತು. ರಜೆಯ ಜಾಗಕ್ಕೆ ಬಂದವರ ನೇಮಕ ತಾತ್ಕಾಲಿಕ, ರಜೆ ಹಾಕಿದವರು ಮರಳಿದರೆ ಮುಗಿಯಿತು. ಇದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕಾದದ್ದು ಶಾಲೆಯ ಕರ್ತವ್ಯ. ಹೇಳದಿದ್ದರೆ ನಾವೇ ಕೇಳಬೇಕು. ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ, ಎಷ್ಟು ಸಂಬಳ, ಎಲ್ಲ ಪತ್ರದಲ್ಲಿರಲಿ. ಬಿಡಿ ಪೀರಿಯಡ್‌ಗಳಿಗೆ ಒಂದು ಡೈರಿ ಇಟ್ಟು ತಿಂಗಳ ಕೊನೆಗೆ ಆಫೀಸಿನವರ ಸಹಿ ಹಾಕಿಸಿಕೊಳ್ಳಿ.

ಕಾಯಂ ಕೆಲಸದ ದಾರಿಯ ಬಗ್ಗೆಯೂ ಮಾತಾಡಿದೆವು. ಒಂದರಿಂದ ಎಂಟನೇ ಕ್ಲಾಸಿನವರೆಗೆ ಕಲಿಸಲು ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಬೇಕು. ಮರಾಠಿಯ ಭಯಕ್ಕೆ ಅವರು ಪರೀಕ್ಷೆಯನ್ನೇ ಕಟ್ಟಿರಲಿಲ್ಲ. ಕೇಂದ್ರದ ಸಿಟಿಇಟಿಯಲ್ಲಿ ಭಾಷೆಗೆ ಕನ್ನಡವನ್ನೂ ಆರಿಸಿಕೊಳ್ಳಬಹುದು ಎಂದಾಗ ನೆಟ್ಟಗೆ ಕೂತರು. 150ಕ್ಕೆ 90 ಬಂದರೆ ಪಾಸು, ಪ್ರಮಾಣಪತ್ರ ಜೀವನಪೂರ್ತಿ ನಡೆಯುತ್ತದೆ. ಪಾಸಾದರೆ ಕೆಲಸ ಸಿಕ್ಕೇಬಿಡುತ್ತದೆ ಎಂದು ಮಾತ್ರ ನಾನು ಹೇಳಲಿಲ್ಲ.

ಎಂಟು ವಾರ ಕಳೆದಿದೆ. ಈಗ ಐದೂವರೆವರೆಗೆ ನಿದ್ದೆ ಬರುತ್ತಿದೆ. ನಾಲ್ಕೇ ದಿನ ಅಂದಿದ್ದಕ್ಕೆ ಒಂದು ಶಾಲೆ ಕರೆಯುವುದನ್ನೇ ನಿಲ್ಲಿಸಿತು. ಆ ವಾರ ತುಂಬಾ ಕುಗ್ಗಿದ್ದರು. ಆ ದುಡ್ಡಿನ ಜಾಗಕ್ಕೆ ಬಿಲ್ಡಿಂಗ್‌ನ ಇಬ್ಬರು ಮಕ್ಕಳಿಗೆ ಟ್ಯೂಷನ್ ಶುರು ಮಾಡಿದ್ದಾರೆ. ಏಪ್ರಿಲ್‌ನಲ್ಲಿ ಇನ್ನೊಂದು ಶಾಲೆಯ ಪ್ರಿನ್ಸಿಪಾಲರನ್ನು ನೋಡಲಿದ್ದಾರೆ. ಅಲ್ಲಿ ಕೇಳಬೇಕಾದ ಮಾತನ್ನು ಹೋದ ಭೇಟಿಯಲ್ಲಿ ಇಬ್ಬರೂ ಅಭ್ಯಾಸ ಮಾಡಿದೆವು: "ಜೂನ್‌ನಿಂದ ಎಷ್ಟು ಪೀರಿಯಡ್, ಎಷ್ಟು ತಿಂಗಳು ಅಂತ ಪತ್ರ ಕೊಡ್ತೀರಾ?" ಹಿಂದಿಯಲ್ಲಿ ಎರಡು ಸಲ ಹೇಳಿದರು. ಮೂರನೇ ಸಲ, ನಾನು ಕೇಳದಿದ್ದರೂ, ಮರಾಠಿಯಲ್ಲಿ ಹೇಳಿದರು.