ಆಪ್ತಸಲಹೆ ಪ್ರಕರಣ: ಸೆರಗಿನ ತೆನಿ ಚಿತ್ತಾರ ಗೊತ್ತು, ತೋಳು ಕೂರಿಸುವುದು ಗೊತ್ತಿಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಧಾರವಾಡ ಕಡೆಯ ಯುವತಿ, ವಯಸ್ಸು 24. ಬಿ.ಕಾಂ. ಮುಗಿಸಿ ಎರಡು ವರ್ಷದಿಂದ ಲೆಕ್ಕಪತ್ರದ ಕೆಲಸ. ಅಜ್ಜಿಯ ಟ್ರಂಕಿನ ಇಳಕಲ್ ಸೀರೆಗಳಿಂದ ಹತ್ತಿದ ಹುಚ್ಚು. ಗೋಮಿ, ಗಾಡಿ, ಚಿಕ್ಕಿ ಪರಾಸ್ ದಡಿಗಳನ್ನು (ಅಂಚುಗಳನ್ನು) ದೂರದಿಂದಲೇ ಗುರುತಿಸುತ್ತಾಳೆ. ಕಸೂತಿಯ ಗವಂತಿ, ಮುರ್ಗಿ, ನೇಗಿ, ಮೆಂತಿ ನಾಲ್ಕೂ ಹೊಲಿಗೆಗಳು ಕೈಗೆ ಬಂದಿವೆ. ಲೇಪಾಕ್ಷಿ ದೇವಾಲಯದ ಚಾವಣಿ ಚಿತ್ರಗಳಲ್ಲಿನ ಉದ್ದ ಟೋಪಿ ಕುಲ್ಲಾಯಿ, ನಿಲುವಂಗಿ ಕಬಾಯಿಗಳನ್ನು ಪುಸ್ತಕದ ತುಂಬ ಬರೆದುಕೊಂಡಿದ್ದಾಳೆ. ಕೆಲಸ ಬಿಟ್ಟು ನಾಟಕ, ಸಿನಿಮಾದ ವಸ್ತ್ರವಿನ್ಯಾಸಕಿ ಆಗಬೇಕೆಂಬ ಹಟ. ಜೊತೆಗೆ ಬಂದ ತಾಯಿಯದು ಒಂದೇ ಮಾತು: "ಬಿ.ಕಾಂ. ಓದ್ಸಿದ್ದು ಹೊಲಿಗಿ ಕೆಲಸಕ್ಕೇನ್ರೀ?"

ಮೊದಲ ಭೇಟಿಯಲ್ಲಿ ಕೇಳಿದ್ದು ಇಷ್ಟೇ: ಈ ಚಿತ್ರಗಳಲ್ಲಿ ಎಷ್ಟನ್ನು ಹೊಲಿದು ಒಬ್ಬರ ಮೈಮೇಲೆ ತೊಡಿಸಿದ್ದೀರಿ? ಒಂದನ್ನೂ ಇಲ್ಲ. ಹಳೆಯ ಬಟ್ಟೆಯನ್ನು ಪ್ರೀತಿಸುವವರಿಗೆ ವಸ್ತ್ರ ಸಂಗ್ರಹಾಲಯ, ಸಂರಕ್ಷಣೆ, ಸಂಶೋಧನೆ ಎಂಬ ದಾರಿಗಳೂ ಇವೆ. ಅಲ್ಲಿ ಬಟ್ಟೆಯೇ ಮುಖ್ಯ. ನಾಟಕ, ಸಿನಿಮಾದಲ್ಲಿ ಪಾತ್ರ, ನಟನ ಮೈ, ದೀಪ, ದುಡ್ಡು ಮುಂದೆ, ಬಟ್ಟೆ ಆಮೇಲೆ. ತನಗೆ ಬೇಕಾದದ್ದು ಯಾವುದು ಎಂಬುದು ಆಕೆಗೆ ತಿಳಿದಿರಲಿಲ್ಲ. ಮಾತಾಡಿ ತಿಳಿಯುವ ವಿಷಯವೂ ಅಲ್ಲ.

ಹಾಗಾಗಿ ಸಲಹೆ: ಆರು ತಿಂಗಳು ರಾಜೀನಾಮೆ ಬೇಡ. ಊರಿನ ಹವ್ಯಾಸಿ ತಂಡವೊಂದರ ಒಂದು ದೃಶ್ಯ, ನಾಲ್ಕು ಪಾತ್ರ, 6,000 ರೂಪಾಯಿ. ವಿಜಯನಗರ ಕಾಲದ ಕಥೆ. ಮೊದಲು ಸ್ಕ್ರಿಪ್ಟ್ ಓದಿ ಖಾತೆ ಬರೆಯುವುದು: ಯಾರು, ಎಲ್ಲಿ, ಯಾವ ಹೊತ್ತು, ಉಡುಪು ಬದಲಿಸಲು ಎಷ್ಟು ಸೆಕೆಂಡು, ರಕ್ತ-ಕೆಸರು ತಗಲುತ್ತದೆಯೇ (ತಗಲಿದರೆ ಎರಡು ಜೊತೆ). ಈ ಖಾತೆಯನ್ನು ಆಕೆ ಅನೇಕ ವಿನ್ಯಾಸಕರಿಗಿಂತ ಚೆನ್ನಾಗಿ ಬರೆದಳು. ಬಿ.ಕಾಂ. ವ್ಯರ್ಥವಾಗಿಲ್ಲ ಎಂದು ತಾಯಿಗೆ ತೋರಿಸಲು ಅದೇ ಸಾಕಾಯಿತು.

ಹೊಲಿಗೆಯಲ್ಲಿ ಎಡವಿದಳು. ರಿಹರ್ಸಲ್‌ನಲ್ಲಿ ರಾಜ ಕತ್ತಿ ಎತ್ತಿದೊಡನೆ ಕಬಾಯಿಯ ಕಂಕುಳು ಹರಿಯಿತು. ಈಗಿನ ಬಿಗಿ ಶರ್ಟಿನ ಅಳತೆಯಲ್ಲಿ ತೋಳು ಕೂರಿಸಿದ್ದೇ ಕಾರಣ. ನೇರವಾಗಿ ಕತ್ತರಿಸುವ ಹಳೆಯ ಅಂಗಿಗಳಲ್ಲಿ ಕಂಕುಳಿಗೆ ಚೌಕ ತುಂಡೊಂದನ್ನು ಮೂಲೆಯ ಮೇಲೆ ನಿಲ್ಲಿಸಿ ಸೇರಿಸುತ್ತಾರೆ; ಎಳೆತ ಓರೆ ದಿಕ್ಕಿಗೆ ಬಿದ್ದು ಬಟ್ಟೆ ಹಿಗ್ಗುತ್ತದೆ. 4 ಇಂಚಿನ ತುಂಡು ಹಾಕಿದ ಮೇಲೆ ತೊಂದರೆ ಹೋಯಿತು. ಅಂದಿನಿಂದ ನಿಯಮ: ಮೊದಲು ಕೋರಾ ಬಟ್ಟೆಯಲ್ಲಿ ಹೊಲಿದು ನಟನನ್ನು ಕೂರಿಸಿ, ಕೈ ಎತ್ತಿಸಿ, ಅಡ್ಡಬೀಳಿಸಿ ನೋಡುವುದು, ಹತ್ತಿಯನ್ನು ಕತ್ತರಿಸುವ ಮುನ್ನ ಒಗೆಯುವುದು, ಇಲ್ಲದಿದ್ದರೆ ಆಮೇಲೆ ಕುಗ್ಗುತ್ತದೆ, ಪಕ್ಕದ ಹೊಲಿಗೆಯಲ್ಲಿ ಒಂದೂವರೆ ಇಂಚು ಒಳಗೆ ಬಿಡುವುದು, ನಾಳೆ ನಟ ಬದಲಾಗಬಹುದು.

"ರೇಷ್ಮೆ" ಎಂದು ಅಗ್ಗಕ್ಕೆ ತಂದದ್ದು ಪಾಲಿಯೆಸ್ಟರ್. ದೀಪದಡಿ ಕನ್ನಡಿಯಂತೆ ಹೊಳೆಯಿತು, ಹಳೆಯದಾಗಿಸಲು ಚಹಾದಲ್ಲಿ ಅದ್ದಿದರೆ ಬಣ್ಣ ಹಿಡಿಯಲೇ ಇಲ್ಲ. ಅಂಗಡಿಯಲ್ಲೇ ನಾಲ್ಕು ಎಳೆ ಕೇಳಿ ತಂದು ಸುಡಬೇಕಿತ್ತು: ಹತ್ತಿ ಕಾಗದದ ವಾಸನೆ, ರೇಷ್ಮೆ ಕೂದಲು ಸುಟ್ಟ ವಾಸನೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಹತ್ತಿಗಾದರೆ 5 ಲೀಟರ್ ಕುದಿನೀರಿಗೆ 50 ಗ್ರಾಂ ಚಹಾಪುಡಿಯಿಂದ ಶುರು ಮಾಡಿ, ಚೂರೊಂದನ್ನು ಅದ್ದಿ ಒಣಗಿಸಿಯೇ ತೀರ್ಮಾನಿಸಬೇಕು. ಒದ್ದೆ ಬಟ್ಟೆ ಕಡುವಾಗಿ ಕಂಡು ಮೋಸ ಮಾಡುತ್ತದೆ. ದಾಸಿಯ ಸೀರೆಗೆ ಆಕೆ ಆರಿಸಿದ್ದ ಮಿಂಚುವ ನೇರಳೆಯನ್ನೂ ಬಿಡಿಸಬೇಕಾಯಿತು: ಅಂಥ ಕೃತಕ ಬಣ್ಣಗಳು ಬಂದದ್ದೇ 1856ರ ನಂತರ.

ಬಜೆಟ್ಟೂ ಕೈತಪ್ಪಿತು. ರಾಜನೊಬ್ಬನಿಗೇ 4,000 ಸುರಿದು, ಅಜ್ಜಿಯ ಸೀರೆ ಕತ್ತರಿಸಿ ರಾಣಿಗೆ ಹೊಲಿಯುತ್ತೇನೆಂದಳು. ಇದಕ್ಕೆ ಮಾತ್ರ ಖಡಾಖಂಡಿತ ಬೇಡ ಎಂದೆವು. ಹಳೆಯ ರೇಷ್ಮೆ ಮಡಿಕೆಗಳಲ್ಲೇ ಸೀಳುತ್ತದೆ, ಬೆವರು ತಾಗಿದರೆ ಉಳಿಯದು. ಅದು ಮಾದರಿಯಾಗಿ ಟ್ರಂಕಿನಲ್ಲಿರಲಿ.

ಭಾನು ಅಥೈಯಾ ಕೊಲ್ಹಾಪುರದವರು, 1983ರಲ್ಲಿ ವಸ್ತ್ರವಿನ್ಯಾಸಕ್ಕೆ ಆಸ್ಕರ್ ಪಡೆದರು ಎಂದು ಹೇಳಿ ತಾಯಿಯನ್ನು ಒಪ್ಪಿಸಬಹುದಿತ್ತು. ಒಬ್ಬರ ಆಸ್ಕರ್ ಇನ್ನೊಬ್ಬರ ಮನೆ ಬಾಡಿಗೆ ಕಟ್ಟುವುದಿಲ್ಲ. ಸಹಾಯಕರ ಸಂಬಳ ಪ್ರಾಜೆಕ್ಟು ಮುಗಿದ ಮೇಲೂ ತಡವಾಗಬಹುದು. ಎಂಟು ತಿಂಗಳ ಖರ್ಚು ಉಳಿಸಿದ ಮೇಲೆಯೇ ಕೆಲಸ ಬಿಡುವುದೆಂದು ಮೂವರೂ ಕೂತು ಬರೆದುಕೊಂಡೆವು.

ಓದಿನ ವಿಷಯ. ಪದವಿ ಇರುವಾಗ ಮತ್ತೆ ನಾಲ್ಕು ವರ್ಷದ ಪದವಿ ಅನಗತ್ಯ. ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ನಿಫ್ಟ್‌ನ ಎರಡು ವರ್ಷದ ಎಂ.ಡಿಸೈನ್ ಸ್ನಾತಕೋತ್ತರ ಕೋರ್ಸಿಗೆ ಯಾವುದೇ ಪದವಿ ನಡೆಯುತ್ತದೆ, ಆದರೆ ಅಲ್ಲಿನ ಒಲವು ಫ್ಯಾಷನ್ ಉದ್ಯಮದತ್ತ. ರಂಗಭೂಮಿಯೇ ಬೇಕೆಂದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಒಂದು ವರ್ಷದ ತರಬೇತಿ ಕನ್ನಡದಲ್ಲೇ ಸಿಗುತ್ತದೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ಮೂರು ವರ್ಷದ ಕೋರ್ಸಿನಲ್ಲಿ ವಿನ್ಯಾಸ ಆರಿಸಿಕೊಳ್ಳಬಹುದು. ಅಲ್ಲಿಗೆ ನಾಟಕದ ಅನುಭವ ಬೇಕು. ಈ ಆರು ತಿಂಗಳು ಅದಕ್ಕೂ ಜಮೆ.

ಸದ್ಯ ಎರಡನೆಯ ನಾಟಕದ ಕೆಲಸ ಹಿಡಿದಿದ್ದಾಳೆ. ಮುಂದಿನ ಭೇಟಿಗೆ ಪೋರ್ಟ್‌ಫೋಲಿಯೊ ತರಬೇಕು: ಚಿತ್ರ, ಬಟ್ಟೆಯ ಚೂರು, ಖರ್ಚಿನ ಖಾತೆ, ರಂಗದ ಫೋಟೋ. ಹರಿದ ಕಂಕುಳಿನ ಫೋಟೋ ತೆಗೆದುಹಾಕಲೇ ಎಂದು ಕೇಳಿದ್ದಾಳೆ. ಬೇಡ, ಪಕ್ಕದಲ್ಲೇ ಆ ಚೌಕ ತುಂಡಿನ ಅಳತೆ ಬರೆದು ಅಂಟಿಸಿ ಎಂದು ತಿಳಿಸಿದ್ದೇವೆ.