ಪದವಿಯಲ್ಲಿ ತತ್ತ್ವಶಾಸ್ತ್ರ ಮತ್ತು ಧರ್ಮಗಳ ಅಧ್ಯಯನ: ವಿರಾಜಪೇಟೆಯ ವಿದ್ಯಾರ್ಥಿಗೆ ಒಂದು ಉತ್ತರ

ದ್ವಿತೀಯ ಪಿಯುಸಿ ಮುಗಿಸಿರುವ ನೀವು ಎರಡು ವಿಚಾರಗಳನ್ನು ಕೇಳಿದ್ದೀರಿ: ಪದವಿಯಲ್ಲಿ ತತ್ತ್ವಶಾಸ್ತ್ರವನ್ನೂ ಧರ್ಮಗಳ ಅಧ್ಯಯನವನ್ನೂ ಆರಿಸಿಕೊಂಡರೆ ಅಲ್ಲಿ ಏನನ್ನು ಕಲಿಸುತ್ತಾರೆ, ಮತ್ತು ನಿಮ್ಮ ಮನೆಯವರು ಹೆದರುವಂತೆ ಓದಿದವರಲ್ಲಿ ದೈವಭಕ್ತಿ ಉಳಿಯುವುದಿಲ್ಲವೇ. ನಾನು ಮಡಿಕೇರಿ ಕಡೆಯವನು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ, ಪದವಿಪೂರ್ವ ಕಾಲೇಜೊಂದರಲ್ಲಿ ತರ್ಕಶಾಸ್ತ್ರ ಬೋಧಿಸುತ್ತಿದ್ದೇನೆ.

ಕಾಲೇಜಿನಲ್ಲಿ ನಡೆಯುವುದು ಧರ್ಮಬೋಧನೆಯಲ್ಲ ಎಂಬುದನ್ನು ಮನೆಯವರಿಗೆ ಮೊದಲು ತಿಳಿಸಿ. ಸಂಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಗಳಲ್ಲಿ ಧರ್ಮಬೋಧನೆ ಕೂಡದೆಂದು ಸಂವಿಧಾನದ 28ನೆಯ ವಿಧಿಯೇ ಹೇಳುತ್ತದೆ. ಆದರೆ ಧರ್ಮವನ್ನು ವಿಚಾರಕ್ಕೆ ಒಳಪಡಿಸುವುದು ಬೇರೆಯ ಮಾತು. 1948-49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು ಪದವಿಯ ಮೊದಲ ವರ್ಷದಲ್ಲಿ ಬುದ್ಧ, ಯೇಸು, ಶಂಕರ, ಮಹಮ್ಮದ್, ನಾನಕ್ ಮೊದಲಾದವರ ಜೀವನವನ್ನೂ, ಎರಡನೆಯ ವರ್ಷದಲ್ಲಿ ಧರ್ಮಗ್ರಂಥಗಳ ಆಯ್ದ ಭಾಗಗಳನ್ನೂ, ಮೂರನೆಯ ವರ್ಷದಲ್ಲಿ ಧರ್ಮದ ತಾತ್ತ್ವಿಕ ಸಮಸ್ಯೆಗಳನ್ನೂ ಓದಿಸಬೇಕೆಂದು ಶಿಫಾರಸು ಮಾಡಿತ್ತು. ಅದರ ಅಧ್ಯಕ್ಷರಾಗಿದ್ದ ರಾಧಾಕೃಷ್ಣನ್ 1918ರಿಂದ ಕೆಲವು ವರ್ಷ ಮೈಸೂರಿನಲ್ಲಿಯೇ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಆ ಶಿಫಾರಸು ಎಲ್ಲ ವಿದ್ಯಾರ್ಥಿಗಳ ಪಾಠವಾಗಿ ಬರಲೇ ಇಲ್ಲ. ಇಂದು ಅದರ ಬಹುಭಾಗ ತತ್ತ್ವಶಾಸ್ತ್ರ ಆರಿಸಿಕೊಂಡ ಕೆಲವರ ಪಾಲಿಗೆ ಮಾತ್ರ ಉಳಿದಿದೆ.

ಪಠ್ಯದ ಹೊರಮೈ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ: ಚಾರ್ವಾಕದಿಂದ ವೇದಾಂತದವರೆಗಿನ ಭಾರತೀಯ ದರ್ಶನಗಳು, ಪ್ಲೇಟೋವಿನಿಂದ ಕಾಂಟ್‌ವರೆಗಿನ ಪಾಶ್ಚಾತ್ಯ ಚಿಂತನೆ, ತರ್ಕಶಾಸ್ತ್ರ, ನೀತಿಶಾಸ್ತ್ರ. ಇವುಗಳ ಒಳಗೆ ನೀವು ಕಲಿಯುವ ನಿಜವಾದ ವಿದ್ಯೆಯೆಂದರೆ ಪೂರ್ವಪಕ್ಷವನ್ನು ಮಂಡಿಸುವುದು, ಅಂದರೆ ಎದುರಾಳಿಯ ವಾದವನ್ನು ಅವನೇ ಒಪ್ಪುವಷ್ಟು ಬಲವಾಗಿ ಹೇಳಿ, ಆಮೇಲೆ ಉತ್ತರಿಸುವುದು. ತರ್ಕಕ್ಕೆ ಹೆಸರಾದ ನ್ಯಾಯದರ್ಶನದ ಪ್ರಸಿದ್ಧ ಉದಾಹರಣೆಯೊಂದನ್ನು ತೆಗೆದುಕೊಳ್ಳಿ: ಬೆಟ್ಟದಲ್ಲಿ ಬೆಂಕಿಯಿದೆ, ಏಕೆಂದರೆ ಅಲ್ಲಿ ಹೊಗೆ ಕಾಣುತ್ತಿದೆ. ಮಳೆಗಾಲದ ಕಕ್ಕಡ ತಿಂಗಳಿನಲ್ಲಿ ನಮ್ಮ ಬೆಟ್ಟಗಳನ್ನು ನೋಡಿದವರಿಗೆ ಇದರ ತೊಡಕು ತಾನಾಗಿಯೇ ಹೊಳೆಯುತ್ತದೆ, ಕಂಡದ್ದು ಹೊಗೆಯೋ ಮಂಜೋ? ಮಂಜನ್ನು ಹೊಗೆಯೆಂದು ಭ್ರಮಿಸಿ ಬೆಂಕಿಯನ್ನು ಊಹಿಸಿದಾಗ, ಆಕಸ್ಮಿಕವಾಗಿ ಅಲ್ಲಿ ಬೆಂಕಿ ಇದ್ದೇ ಇದ್ದರೆ ಆ ತಿಳಿವಳಿಕೆಯನ್ನು ಜ್ಞಾನವೆನ್ನಬಹುದೇ ಎಂಬ ಸಮಸ್ಯೆಯನ್ನು ಹನ್ನೆರಡನೆಯ ಶತಮಾನದ ದಾರ್ಶನಿಕ ಶ್ರೀಹರ್ಷನೇ ಚರ್ಚಿಸಿದ್ದಾನೆ. ಇದೇ ಜಾತಿಯ ಸಮಸ್ಯೆಯನ್ನು ಅಮೆರಿಕದ ತತ್ತ್ವಶಾಸ್ತ್ರಜ್ಞ ಎಡ್ಮಂಡ್ ಗೆಟಿಯರ್ 1963ರಲ್ಲಿ ಮೂರೇ ಪುಟಗಳ ಲೇಖನದಲ್ಲಿ ಎತ್ತಿದಾಗ ಪಾಶ್ಚಾತ್ಯ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಈ ಇಬ್ಬರನ್ನೂ ಒಟ್ಟಿಗೆ ಓದಿಸುವ ಅಧ್ಯಾಪಕರು ಸಿಕ್ಕರೆ ಅದು ನಿಮ್ಮ ಭಾಗ್ಯ. ಅನೇಕ ಕಡೆ ಇಬ್ಬರೂ ಬೇರೆ ಬೇರೆ ಪಠ್ಯಪತ್ರಿಕೆಗಳಲ್ಲಿ ಬೇರೆ ಬೇರೆಯಾಗಿಯೇ ಉಳಿದುಬಿಡುತ್ತಾರೆ.

ಇನ್ನು ಭಕ್ತಿಯ ವಿಚಾರ. ನ್ಯಾಯದರ್ಶನದ ಆಚಾರ್ಯನಾದ ಉದಯನನು ಈಶ್ವರನ ಅಸ್ತಿತ್ವವನ್ನು ತರ್ಕದಿಂದ ಸಾಧಿಸಲು ಒಂದು ಗ್ರಂಥವನ್ನೇ ಬರೆದನು. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರಾದರೋ ಬ್ರಹ್ಮವು ಶಾಸ್ತ್ರದಿಂದಲೇ ತಿಳಿಯತಕ್ಕದ್ದು, ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ಸಿದ್ಧವಾಗುವುದಿಲ್ಲವೆಂದು ಅಂಥ ವಾದಗಳನ್ನು ಖಂಡಿಸಿದರು. ಅವರಿಗಿಂತ ದೊಡ್ಡ ಭಕ್ತರನ್ನು ನಿಮ್ಮ ಮನೆಯವರು ಹೆಸರಿಸಲಾರರು. ಮತ್ತೊಂದು ಕಡೆ, ಯಜ್ಞಕರ್ಮಗಳನ್ನು ಅತ್ಯಂತ ಕಟ್ಟುನಿಟ್ಟಾಗಿ ಪ್ರತಿಪಾದಿಸಿದ ಮೀಮಾಂಸಕರಿಗೆ ಸೃಷ್ಟಿಕರ್ತನಾದ ಈಶ್ವರನ ಅಗತ್ಯವೇ ಕಾಣಲಿಲ್ಲ. ಹೀಗಿರುವಾಗ ವಾದವೊಂದು ಬಿದ್ದರೆ ಭಕ್ತಿಯೂ ಬೀಳುತ್ತದೆಯೆಂಬ ಭಯಕ್ಕೆ ಆಧಾರ ಕಡಿಮೆ. ನಂಬಿಕೆ ಕಳೆದುಕೊಂಡ ಸಹಪಾಠಿಗಳೂ ಇದ್ದರು, ಗಟ್ಟಿಯಾದವರೂ ಇದ್ದರು. ಅದನ್ನು ಪಠ್ಯಕ್ರಮ ತೀರ್ಮಾನಿಸಿತೆಂದು ನನಗೆ ಅನ್ನಿಸುವುದಿಲ್ಲ.

ನನ್ನ ಆಕ್ಷೇಪವಿರುವುದು ಬೇರೆಡೆ. ಕಾಲೇಜಿನ ಪಠ್ಯವು ಧರ್ಮವೆಂದರೆ ಗ್ರಂಥ, ಭಾಷ್ಯ, ಸ್ಥಾಪಕ ಎಂದು ಭಾವಿಸಿಕೊಂಡೇ ಹೊರಡುತ್ತದೆ. ಕೊಡವರ ಮೂಲಮನೆಯಾದ ಐನ್‌ಮನೆಯಲ್ಲಿ ಗುರುಕಾರೋಣರಿಗೆ (ತೀರಿಕೊಂಡ ಹಿರಿಯರಿಗೆ) ಮೀದಿ, ಅಂದರೆ ಎಡೆ, ಇಡುವ ಒಕ್ಕದವರಿಗೆ (ಮನೆತನದವರಿಗೆ), ದೇವರಿಗೆ ಮೀಸಲಾದ ದೇವರಕಾಡಿನಲ್ಲಿ ಕೊಡಲಿ ಎತ್ತಬಾರದೆಂದು ತಿಳಿದು ಬೆಳೆದವರಿಗೆ, ಎಮ್ಮೆಮಾಡಿನ ದರ್ಗಾದ ಉರೂಸಿಗೆ ಹೋಗುವ ಹಿಂದೂ ಮನೆಗಳಿಗೆ ಅಲ್ಲಿ ಒಂದು ಅಧ್ಯಾಯವೂ ಸಿಗುವುದಿಲ್ಲ. ಹಿರಿಯರು ತೀರಿಕೊಂಡ ಮೇಲೂ ಒಕ್ಕದ ಒಳಗೇ ಇದ್ದಾರೆಂಬ ಭಾವನೆಯಲ್ಲಿ ಆತ್ಮದ ಬಗ್ಗೆ, ಕಾಲದ ಬಗ್ಗೆ, ಬದುಕಿರುವವರ ಹೊಣೆಯ ಬಗ್ಗೆ ಒಂದು ತತ್ತ್ವವಿದೆ. ಆದರೆ ಅದನ್ನು ಯಾರೂ ಸೂತ್ರವಾಗಿ ಬರೆದಿಲ್ಲವಾದ್ದರಿಂದ ಪರೀಕ್ಷೆಗೆ ಬರುವುದಿಲ್ಲ. ಈ ಕೊರತೆಯನ್ನು ತುಂಬಿದವರು ತತ್ತ್ವಶಾಸ್ತ್ರಜ್ಞರಲ್ಲ, ಮಾನವಶಾಸ್ತ್ರಜ್ಞರು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸ್ ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ 1952ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥ ಇಂದಿಗೂ ಚರ್ಚೆಯಲ್ಲಿದೆ. ಮೇಲುಜಾತಿಗಳ ಆಚಾರಗಳನ್ನು ಅನುಸರಿಸಿ ಮೇಲೇರಲು ಯತ್ನಿಸುವ ಸಂಸ್ಕೃತೀಕರಣವೆಂಬ ಪರಿಕಲ್ಪನೆ ಹೆಸರಾದದ್ದು ಅದರಿಂದಲೇ. ಆದ್ದರಿಂದ ತತ್ತ್ವಶಾಸ್ತ್ರದ ಜೊತೆಗೆ ಸಮಾಜಶಾಸ್ತ್ರವನ್ನೋ ಮಾನವಶಾಸ್ತ್ರವನ್ನೋ ಇಟ್ಟುಕೊಳ್ಳಿರೆಂದು ಒತ್ತಿ ಹೇಳುತ್ತೇನೆ. ರಜೆಯಲ್ಲಿ ಊರಿಗೆ ಬಂದಾಗ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳುವ ಅಭ್ಯಾಸವೂ ಇರಲಿ.

ಸೇರುವ ಮೊದಲು ಕುಶಾಲನಗರದಿಂದ ಹೊಳೆ ದಾಟಿ ಟಿಬೆಟನ್ನರ ನೆಲೆಯಾದ ಬೈಲುಕುಪ್ಪೆಗೂ ಹೋಗಿ ಬನ್ನಿ. ಪ್ರವಾಸಿಗರು ನಾಮ್ಡ್ರೋಲಿಂಗ್‌ನ ಸ್ವರ್ಣಮಂದಿರ ನೋಡಿ ಮರಳುತ್ತಾರೆ. ನಿಮಗೆ ಬೇಕಾದದ್ದು ಸೆರಾ ವಿಹಾರದ ಅಂಗಳದ ವಾದ. ಪ್ರಶ್ನೆ ಕೇಳುವ ಭಿಕ್ಷು ನಿಂತು ಚಪ್ಪಾಳೆ ತಟ್ಟುತ್ತಾನೆ, ಉತ್ತರಿಸುವವನು ಕುಳಿತಿರುತ್ತಾನೆ. ಪ್ರಾಚೀನ ಬೌದ್ಧ ಆಚಾರ್ಯರಾದ ಧರ್ಮಕೀರ್ತಿಯ ಪ್ರಮಾಣಶಾಸ್ತ್ರ (ಜ್ಞಾನದ ವಿಚಾರ), ಚಂದ್ರಕೀರ್ತಿಯ ಮಾಧ್ಯಮಿಕ (ಶೂನ್ಯತೆಯ ವಿಚಾರ), ವಸುಬಂಧುವಿನ ಅಭಿಧರ್ಮ (ಮನಸ್ಸು ಮತ್ತು ಜಗತ್ತಿನ ಘಟಕಗಳ ವಿಚಾರ) ಇವೆಲ್ಲ ಅಲ್ಲಿ ಇಂದಿಗೂ ಬಾಯಿಪಾಠ ಮತ್ತು ವಾದಗಳಿಂದಲೇ ಕಲಿಯುವ ವಿಷಯಗಳು. ಭಾಷೆ ತಿಳಿಯದಿದ್ದರೂ ನೋಡತಕ್ಕದ್ದೇ, ಏಕೆಂದರೆ ನಮ್ಮ ತರಗತಿಗಳಲ್ಲಿ ನೋಟ್ಸ್ ಆಗಿಹೋಗಿರುವ ಪೂರ್ವಪಕ್ಷ ಅಲ್ಲಿ ಎದುರಿಗೆ ನಿಂತಿರುತ್ತದೆ.

ಉದ್ಯೋಗದ ಬಗ್ಗೆ ಸುಳ್ಳು ಭರವಸೆ ಕೊಡಲಾರೆ. ತರ್ಕಶಾಸ್ತ್ರದ ಉಪನ್ಯಾಸಕ ಹುದ್ದೆಗಳು ವಿರಳ. ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಎನ್‌ಇಟಿಯಲ್ಲಿ ತತ್ತ್ವಶಾಸ್ತ್ರವೂ ಧರ್ಮಗಳ ತೌಲನಿಕ ಅಧ್ಯಯನವೂ ಪ್ರತ್ಯೇಕ ವಿಷಯಗಳಾಗಿವೆ. ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ ಐಚ್ಛಿಕ ವಿಷಯವಾಗಿ ತತ್ತ್ವಶಾಸ್ತ್ರವನ್ನು ತೆಗೆದುಕೊಳ್ಳಬಹುದು. ತೋಟದ ಆದಾಯವಿರುವ ಮನೆಯಾದರೆ ಧೈರ್ಯ ಸುಲಭ, ಇಲ್ಲದವರು ಬಿ.ಇಡಿ.ಗೆ ಹೊಂದುವ ಮತ್ತೊಂದು ವಿಷಯವನ್ನು ಜೊತೆಯಲ್ಲಿರಿಸಿಕೊಳ್ಳುವುದು ಕ್ಷೇಮ. ಅರ್ಜಿ ಹಾಕುವ ಮುನ್ನ ಆ ಕಾಲೇಜಿನಲ್ಲಿ ತತ್ತ್ವಶಾಸ್ತ್ರಕ್ಕೆ ಕಾಯಂ ಅಧ್ಯಾಪಕರು ಇದ್ದಾರೆಯೇ, ಹಿಂದಿನ ವರ್ಷ ಆ ವಿಷಯದ ತರಗತಿ ನಿಜವಾಗಿ ನಡೆದಿತ್ತೇ ಎಂದು ಕಚೇರಿಯಲ್ಲಿ ಕೇಳದೆ ಅಲ್ಲಿನ ವಿದ್ಯಾರ್ಥಿಗಳನ್ನೇ ಕೇಳಿ ತಿಳಿದುಕೊಳ್ಳಿ.